ಮಕ್ಕಳ ನಡತೆ, ಒಡನಾಟ: ಪರೀಕ್ಷೆ ಇಲ್ಲದೆ ಅರಿಯುವುದು ಹೇಗೆ?

ಗಣಿತದಲ್ಲಿ ಒಂದು ಮಗು ಎಲ್ಲಿ ಎಡವುತ್ತಿದೆ ಎಂದು ಕೇಳಿದರೆ ನಮ್ಮ ಶಿಕ್ಷಕರು ತಕ್ಷಣ ಹೇಳುತ್ತಾರೆ. ಕೈಲಿರೋ ದಶಕ ಕೂಡಿಸೋದು ಮರೀತಾನೆ, ಭಾಗಾಕಾರದಲ್ಲಿ ಸೊನ್ನೆ ಬಿಟ್ಟುಬಿಡ್ತಾಳೆ ಅಂತ. ಅದೇ ಮಗು ಆಟದ ಹೊತ್ತಲ್ಲಿ ಯಾರ ಜೊತೆ ಇರುತ್ತೆ, ಜಗಳವಾದರೆ ಏನು ಮಾಡುತ್ತೆ ಎಂದು ಕೇಳಿ. ಉತ್ತರ ‘ಒಳ್ಳೇ ಹುಡುಗಿ’, ‘ಸ್ವಲ್ಪ ತುಂಟ’ ಎನ್ನುವಲ್ಲಿಗೆ ನಿಂತುಬಿಡುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಮಗುವಿನ ಸರ್ವತೋಮುಖ ಬೆಳವಣಿಗೆಯ ಬಗ್ಗೆ ಹೇಳುತ್ತದೆ. ಮಗುವಿಗೆ ಭಯ, ಆತಂಕ ಇರಬಾರದು, ಮೌಲ್ಯಮಾಪನ ನಿರಂತರವಾಗಿ ನಡೆಯಬೇಕು ಎನ್ನುವುದೂ ಅಲ್ಲೇ ಇದೆ. ನಮ್ಮ ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ದಾಖಲೆಗಳಲ್ಲಿ ಪಾಠದ ಅಂಕಗಳ ಜೊತೆ ಮನೋಭಾವ, ಮೌಲ್ಯಗಳಿಗೂ ಜಾಗವಿದೆ. ಆದರೆ ಆ ಜಾಗ ತುಂಬುವುದು ಹೆಚ್ಚಾಗಿ ವರ್ಷದ ಕೊನೆಯಲ್ಲಿ, ನೆನಪಿನ ಮೇಲೆ. ನೆನಪಿನಲ್ಲಿ ಉಳಿಯುವುದು ಗಲಾಟೆ ಮಾಡಿದವರು ಮತ್ತು ಬಹುಮಾನ ಗೆದ್ದವರು ಮಾತ್ರ. ನಡುವೆ ಇರುವ ಇಪ್ಪತ್ತೈದು ಮಕ್ಕಳು?

ಅವರನ್ನೂ ಗಮನಿಸಿ ಬರೆದಿಡಲು ದೊಡ್ಡ ತರಬೇತಿ, ಮುದ್ರಿತ ನಮೂನೆ ಏನೂ ಬೇಕಿಲ್ಲ. ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್ಕು, ದಿನಕ್ಕೆ ಹತ್ತು ನಿಮಿಷ ಸಾಕು. ಸರ್ಕಾರಿ ಪ್ರಾಥಮಿಕ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಖಾಸಗಿ ಶಾಲೆಯವರಿಗೂ ಹೆಚ್ಚೇನೂ ಬದಲಾಗುವುದಿಲ್ಲ.

1. ಏನನ್ನು ನೋಡಬೇಕೆಂದು ಮೊದಲು ಗೊತ್ತುಮಾಡಿಕೊಳ್ಳಿ

ಎಲ್ಲವನ್ನೂ ನೋಡುತ್ತೇನೆ ಎಂದು ಹೊರಟರೆ ಏನೂ ಕಾಣುವುದಿಲ್ಲ. ಎಲ್ಲ ಮಕ್ಕಳಲ್ಲೂ ಗಮನಿಸಬಹುದಾದ ಕೆಲವೇ ಸಂಗತಿ ಆರಿಸಿಕೊಳ್ಳಿ. ನನಗೆ ಈ ಆರು ಸಾಕು ಅನ್ನಿಸುತ್ತದೆ:

- ತನ್ನ ಸರದಿ ಬರುವವರೆಗೆ ಕಾಯುತ್ತಾ?
- ಗೊತ್ತಾಗದಿದ್ದಾಗ ಸಹಾಯ ಕೇಳುತ್ತಾ? ಯಾರನ್ನು?
- ಆಗಲೇ ಶುರುವಾಗಿರುವ ಆಟಕ್ಕೆ ಹೇಗೆ ಸೇರಿಕೊಳ್ಳುತ್ತೆ?
- ಸೋತಾಗ, ಔಟಾದಾಗ ಏನು ಮಾಡುತ್ತೆ?
- ಜಗಳವನ್ನು ಹೇಗೆ ಮುಗಿಸುತ್ತೆ?
- ಪಕ್ಕದವರ ಕಷ್ಟ ಅದರ ಕಣ್ಣಿಗೆ ಬೀಳುತ್ತಾ?

ಗಮನಿಸಿ, ‘ಸುಮ್ಮನೆ ಕೂರುತ್ತಾ’ ಎನ್ನುವ ಪ್ರಶ್ನೆ ಇಲ್ಲಿಲ್ಲ. ಸುಮ್ಮನೆ ಕೂರುವ ಮಗು ನೆಮ್ಮದಿಯಾಗಿರಬಹುದು, ಹೆದರಿರಬಹುದು, ಹಸಿದಿರಬಹುದು. ಸದ್ದಿಲ್ಲ ಅನ್ನುವುದೊಂದನ್ನೇ ನೋಡಿ ಒಳ್ಳೇ ನಡತೆ ಎಂದು ಬರೆದರೆ ಆ ಮಗುವಿಗೆ ಅನ್ಯಾಯವಾಗುತ್ತದೆ.

ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳ ಆಟವನ್ನು ಗಮನಿಸಿ 1932ರಲ್ಲಿ ಅದರ ಬಗೆಗಳನ್ನು ವಿವರಿಸಿದರು. ಒಬ್ಬರೇ ಆಡುವುದು, ನಿಂತು ಬೇರೆಯವರ ಆಟ ನೋಡುವುದು, ಪಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡುವುದು, ಬೆಳೆಯುತ್ತಾ ಹೋದಂತೆ ಕೂಡಿ ಆಡುವುದು. ಅಂಗನವಾಡಿಯಿಂದ ಈಗಷ್ಟೇ ಬಂದ ಒಂದನೇ ಕ್ಲಾಸಿನ ಮಗು ಗೆಳತಿಯ ಪಕ್ಕ ಕೂತು ತನ್ನ ಪಾಡಿಗೆ ತಾನು ಮಣ್ಣಲ್ಲಿ ಮನೆ ಕಟ್ಟುತ್ತಿದ್ದರೆ ಚಿಂತೆ ಬೇಡ. ಐದನೇ ಕ್ಲಾಸಿನ ಮಗು ದಿನಾ ಕಂಬ ಹಿಡಿದು ನಿಂತು ಆಟ ನೋಡುತ್ತಿದ್ದರೆ ಅದನ್ನು ಬರೆದುಕೊಳ್ಳಬೇಕು. ಅದರಲ್ಲೂ ತಾನಾಗಿ ಒಬ್ಬನೇ ಇರಲು ಇಷ್ಟಪಡುವುದು ಬೇರೆ, ಬೇರೆಯವರು ಸೇರಿಸಿಕೊಳ್ಳದೆ ಒಂಟಿಯಾಗುವುದು ಬೇರೆ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ. ಯಾರಾದರೂ ‘ಬಾರೋ’ ಎಂದು ಕರೆದಾಗ ಮುಖ ಹೇಗಾಗುತ್ತೆ ನೋಡಿ, ಗೊತ್ತಾಗುತ್ತದೆ.

ಹೊರದೇಶದ ಪಟ್ಟಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ‘ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾ’ ಎಂಬ ಅಂಶ ಅವುಗಳಲ್ಲಿ ಇರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ದೊಡ್ಡವರ ಎದುರು ತಲೆ ತಗ್ಗಿಸುವುದನ್ನೇ ಮರ್ಯಾದೆ ಎಂದು ಹೇಳಿಕೊಟ್ಟಿರುತ್ತಾರೆ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ತುಳು ಆಡುವ ಮಗು ಮೊದಲ ಕೆಲವು ತಿಂಗಳು ತರಗತಿಯಲ್ಲಿ ಬಾಯಿ ಬಿಡದಿದ್ದರೆ ಕಾರಣ ಭಾಷೆ ಇರಬಹುದು. ಗುಳೆ ಹೋದ ಅಪ್ಪ ಅಮ್ಮನ ಜೊತೆ ತಿಂಗಳುಗಟ್ಟಲೆ ಊರು ಬಿಟ್ಟಿದ್ದು ವಾಪಸ್ ಬಂದ ಮಗುವಿಗೆ ಹಳೇ ಗೆಳೆಯರೇ ಹೊಸಬರಾಗಿರುತ್ತಾರೆ.

2. ಪಾಠದ ಹೊರಗೆ ನೋಡಿ

ಪಾಠ ನಡೆಯುವಾಗ ಮಕ್ಕಳು ನಮಗೆ ಬೇಕಾದ ಹಾಗೆ ಇರಲು ಪ್ರಯತ್ನಿಸುತ್ತಾರೆ. ಒಡನಾಟ ಕಾಣುವುದು ನಮ್ಮ ಹಿಡಿತ ಸಡಿಲವಾದಾಗ. ಪ್ರಾರ್ಥನೆಗೆ ಸಾಲು ನಿಲ್ಲುವಾಗ, ನಲ್ಲಿ ಹತ್ತಿರ, ಶೂ ಬಿಡುವ ಜಾಗದಲ್ಲಿ, ಸಂಜೆ ಗೇಟಿನ ಬಳಿ.

ಎಲ್ಲಕ್ಕಿಂತ ಜಾಸ್ತಿ ಹೇಳುವುದು ಬಿಸಿಯೂಟದ ಹೊತ್ತು. ನೀವೂ ತಟ್ಟೆ ಹಿಡಿದು ಅವರ ಜೊತೆ ಕೂರಿ. ತಪಾಸಣೆಗೆ ಬಂದವರ ಹಾಗೆ ನಿಂತರೆ ಎಲ್ಲರೂ ತಲೆ ಬಗ್ಗಿಸಿ ಉಣ್ಣುತ್ತಾರೆ, ಅಷ್ಟೇ. ಕೂತರೆ ಐದು ನಿಮಿಷದಲ್ಲಿ ಮರೆತುಬಿಡುತ್ತಾರೆ. ಯಾರು ಯಾರಿಗಾಗಿ ಜಾಗ ಹಿಡಿದಿಟ್ಟಿದ್ದಾರೆ? ಯಾರು ಬಂದು ಕೂತಾಗ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ? ಸಾಂಬಾರು ಚೆಲ್ಲಿದಾಗ ನಗುವವರು ಯಾರು, ಒರೆಸಲು ಏಳುವವರು ಯಾರು? ಮೊಟ್ಟೆ ಕೊಡುವ ದಿನ ಮೊಟ್ಟೆ ತಿನ್ನುವವರು, ಬಾಳೆಹಣ್ಣು ತೆಗೆದುಕೊಳ್ಳುವವರು ಬೇರೆ ಬೇರೆ ಸಾಲಾಗಿ ಕೂರುತ್ತಿದ್ದಾರಾ? ಬಡಿಸುವ ಮಗು ಎಲ್ಲರಿಗೂ ಒಂದೇ ಅಳತೆಯಲ್ಲಿ ಹಾಕುತ್ತಾ?

ಊರಿನ ಜಾತಿಯ ಗೆರೆಗಳು ಊಟದ ಸಾಲಿಗೂ ಬರುತ್ತವೆ. ಮಕ್ಕಳು ಅದನ್ನು ಮನೆಯಿಂದ, ಓಣಿಯಿಂದ ತಂದಿರುತ್ತಾರೆ. ಒಂದೇ ಕೇರಿಯ ಮಕ್ಕಳು ಎರಡು ಮೂರು ದಿನ ಸಾಲಿನ ಕೊನೆಯಲ್ಲೇ ಕಂಡರೆ ಅದು ಆ ಮಕ್ಕಳ ‘ಸಂಕೋಚ’ ಎಂದು ಬರೆಯಬೇಡಿ. ಅದು ಇಡೀ ತರಗತಿಯ ನಡತೆ. ಕೂರುವ ಕ್ರಮವನ್ನು ಅವತ್ತೇ ಬದಲಾಯಿಸಬೇಕು, ಹಾಜರಿ ಸಂಖ್ಯೆಯ ಪ್ರಕಾರವೋ, ಗುಂಪಿನ ಪ್ರಕಾರವೋ. ಈ ವಿಷಯದಲ್ಲಿ ಇನ್ನೂ ಸ್ವಲ್ಪ ದಿನ ಗಮನಿಸೋಣ ಎನ್ನುವುದಕ್ಕೆ ಜಾಗವಿಲ್ಲ.

ಆಟದ ಮೈದಾನದಲ್ಲಿ ನೀವು ಅಂಪೈರ್ ಆಗಬೇಡಿ. ಲಗೋರಿಗೆ ತಂಡ ಆರಿಸುವುದನ್ನು ಅವರಿಗೇ ಬಿಡಿ. ಮೊದಲು ಯಾರ ಹೆಸರು ಬರುತ್ತೆ, ಕೊನೆಗೆ ಯಾರು ಉಳಿಯುತ್ತಾರೆ ಎನ್ನುವುದು ತಾನಾಗೇ ಕಾಣುತ್ತದೆ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಂಡ ಮಗು ಯಾವುದು ನೋಡಿ. ಪುಟ್ಟ ತಮ್ಮನನ್ನು ಹಾಗೆ ಸೇರಿಸಿಕೊಂಡಿದ್ದರೆ ಅದು ಪ್ರೀತಿ. ಅದೇ ಕ್ಲಾಸಿನ, ಅದೇ ವಯಸ್ಸಿನ ಮಗುವನ್ನು ದಿನಾ ಹಾಗೆ ಆಡಿಸುತ್ತಿದ್ದರೆ ಯೋಚಿಸಬೇಕು. ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದಿದ್ದನ್ನು ತಾನೇ ಒಪ್ಪಿಕೊಳ್ಳುವವರು, ವಾದಿಸುವವರು, ಅತ್ತು ಆಟ ಬಿಡುವವರು, ಬೇರೆಯವರ ಪರವಾಗಿ ವಾದಿಸುವವರು ಎಲ್ಲರೂ ಸಿಗುತ್ತಾರೆ. ಚೌಕಾಬಾರ, ಅಳಿಗುಳಿಮಣೆ ಕೂತು ಆಡುವ ಆಟಗಳು. ಓಡಲಾಗದ, ತಳ್ಳಾಟ ಇಷ್ಟವಿಲ್ಲದ ಮಕ್ಕಳ ಗುಣ ಅಲ್ಲಿ ಚೆನ್ನಾಗಿ ಕಾಣುತ್ತದೆ.

ಒಂದರಿಂದ ಮೂರನೇ ತರಗತಿಯವರಿಗೆ ನಲಿ-ಕಲಿಯೇ ಒಳ್ಳೆಯ ಕಿಟಕಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಚಟುವಟಿಕೆಯ ಮೂಲಕ ಕಲಿಸುವ ಈ ಪದ್ಧತಿಯಲ್ಲಿ ಶಿಕ್ಷಕರ ಸಹಾಯದ ತಟ್ಟೆಯಿಂದ ಸ್ವಕಲಿಕೆಯ ತಟ್ಟೆವರೆಗೆ ಮಕ್ಕಳು ಬೇರೆ ಬೇರೆ ಗುಂಪಿನಲ್ಲಿ ಕೂರುತ್ತಾರೆ (ಇಲ್ಲಿ ಗುಂಪಿಗೇ ತಟ್ಟೆ ಎನ್ನುತ್ತಾರೆ). ಸಹಪಾಠಿಗಳ ಸಹಾಯದ ತಟ್ಟೆಯ ಹತ್ತಿರ ಎರಡು ನಿಮಿಷ ನಿಲ್ಲಿ. ಕೆಲವರು ಗೆಳೆಯನ ಕಾರ್ಡು ಕಿತ್ತುಕೊಂಡು ತಾವೇ ಮಾಡಿಬಿಡುತ್ತಾರೆ. ಕೆಲವರು ಬೆರಳಿಟ್ಟು ತೋರಿಸಿ, ಅವನು ಓದುವವರೆಗೆ ಕಾಯುತ್ತಾರೆ. ಎರಡನ್ನೂ ನಾವು ‘ಸಹಾಯ ಮಾಡುತ್ತಾನೆ’ ಎಂದೇ ಬರೆಯುತ್ತೇವೆ, ಅಲ್ವಾ?

3. ನೋಡಿದ್ದನ್ನು ಮಾತ್ರ ಬರೆಯಿರಿ

ಈ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೆ ಎರಡು ಪುಟ ಬಿಡಿ. ಬೆಳಿಗ್ಗೆ ಹಾಜರಿ ಹಾಕುವಾಗಲೇ ಅವತ್ತು ನೋಡಬೇಕಾದ ಮೂರು ಮಕ್ಕಳನ್ನು ಗೊತ್ತುಮಾಡಿಕೊಳ್ಳಿ, ಹಾಜರಿ ಪುಸ್ತಕದ ಕ್ರಮದಲ್ಲೇ. ವಾರಕ್ಕೆ ಆರು ದಿನ, ದಿನಕ್ಕೆ ಮೂವರಂತೆ ಹದಿನೆಂಟು ಮಕ್ಕಳಾದರು. 35 ಮಕ್ಕಳ ತರಗತಿ ಎರಡು ವಾರದಲ್ಲಿ ಒಂದು ಸುತ್ತು ಮುಗಿಯುತ್ತದೆ. ಕ್ರಮ ಬಿಟ್ಟು ಕಣ್ಣಿಗೆ ಬಿದ್ದವರನ್ನು ನೋಡುತ್ತಾ ಹೋದರೆ ಮತ್ತೆ ಅದೇ ನಾಲ್ವರ ಪುಟ ತುಂಬುತ್ತದೆ.

ಹೀಗೆ ಬರೆದರೆ ಪ್ರಯೋಜನವಿಲ್ಲ:

‘ಮೊಂಡ ಹುಡುಗ. ಯಾವಾಗಲೂ ಜಗಳ. ಯಾರ ಮಾತೂ ಕೇಳುವುದಿಲ್ಲ.’

ಹೀಗೆ ಬರೆಯಿರಿ:

‘ಮಂಗಳವಾರ, ಊಟದ ನಂತರ. ತಟ್ಟೆ ತೊಳೆಯುವ ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದ. ಆರನೇ ಕ್ಲಾಸಿನ ಹುಡುಗ ಬಂದು ಮುಂದೆ ನುಗ್ಗಿದ. ಇವನು “ನಾನು ಮೊದ್ಲು ಬಂದಿದ್ದು” ಎಂದ. ಅವನು ಕೇಳಲಿಲ್ಲ. ಇವನು ತಟ್ಟೆಯಿಂದ ಅವನ ಬೆನ್ನಿಗೆ ಹೊಡೆದ. ಪಕ್ಕದವರು ನಕ್ಕರು. ತಟ್ಟೆ ಅಲ್ಲೇ ಬಿಟ್ಟು ಕ್ಲಾಸಿಗೆ ಹೋಗಿ ಕೂತ.’

ಎರಡನೆಯದರಲ್ಲಿ ಎಷ್ಟು ಸಿಕ್ಕಿತು ನೋಡಿ. ಹುಡುಗ ಮೊದಲು ಮಾತಿನಲ್ಲೇ ಹೇಳಿದ್ದಾನೆ. ಮಾತು ಸೋತಾಗ ಕೈ ಎತ್ತಿದ್ದಾನೆ. ನಕ್ಕಿದ್ದು ಅವನಿಗೆ ನೋವಾಗಿದೆ. ಹಾಗಾದರೆ ನಾವು ಮಾಡಬೇಕಾದ ಕೆಲಸ ಎರಡು. ಮಾತು ಸೋತಾಗ ದೊಡ್ಡವರನ್ನು ಕರೆಯುವುದನ್ನು ಅವನಿಗೆ ಕಲಿಸಬೇಕು, ನಲ್ಲಿಯ ಸಾಲನ್ನು ಯಾರಾದರೂ ನೋಡಿಕೊಳ್ಳಬೇಕು. ಮೊದಲ ಬರವಣಿಗೆಯಿಂದ ಹುಟ್ಟುವುದು ಬೈಗುಳ ಒಂದೇ.

ಬರೆಯುವಾಗ ಮೂರು ಸಂಗತಿ ಇರಲಿ: ಅದಕ್ಕೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ‘ಯಾವಾಗಲೂ’, ‘ಯಾವತ್ತೂ’ ಎನ್ನುವ ಮಾತು ಪೆನ್ನಿಗೆ ಬಂದರೆ ನಿಲ್ಲಿಸಿ. ಸೋಮಾರಿ, ಜಾಣ, ಕಳ್ಳಬುದ್ಧಿ, ಪಾಪದವಳು, ಇವೆಲ್ಲ ತೀರ್ಪುಗಳು. ಆ ಕ್ಷಣದಲ್ಲಿ ನಾಲ್ಕು ಪದ ಗೀಚಿಟ್ಟುಕೊಂಡು, ಶಾಲೆ ಬಿಟ್ಟ ಮೇಲೆ ನಾಲ್ಕು ಸಾಲು ಮಾಡಿದರೂ ನಡೆಯುತ್ತದೆ. ಮರುದಿನಕ್ಕೆ ಮಾತ್ರ ಬಿಡಬೇಡಿ.

ಕೆಲವು ನಡತೆಗೆ ಎಣಿಕೆ ಸಾಕು. ಜಾಗ ಬಿಟ್ಟು ಏಳುವುದು, ಕೇಳದೆ ಉತ್ತರ ಕೂಗುವುದು, ದೂರು ತರುವುದು. ಪುಟದ ಅಂಚಿನಲ್ಲಿ ಗೀಟು ಹಾಕುತ್ತಾ ಹೋಗಿ, ಊಟಕ್ಕೆ ಮುಂಚಿನದು ಒಂದು ಕಡೆ, ನಂತರದ್ದು ಇನ್ನೊಂದು ಕಡೆ. ಒಂದು ವಾರದ ಗೀಟುಗಳನ್ನು ನೋಡಿದರೆ ‘ದಿನವಿಡೀ ಕುಣೀತಾನೆ’ ಎಂದುಕೊಂಡಿದ್ದ ಹುಡುಗ ಕುಣಿಯುವುದು ಊಟಕ್ಕೆ ಮುಂಚೆ ಮಾತ್ರ ಎಂದು ಗೊತ್ತಾಗಬಹುದು. ಆಗ ಕೇಳಬೇಕಾದ ಪ್ರಶ್ನೆ: ಮನೆಯಲ್ಲಿ ತಿಂಡಿ ತಿಂದು ಬರುತ್ತಾನಾ?

ಒಳ್ಳೆಯದನ್ನೂ ಅಷ್ಟೇ ವಿವರವಾಗಿ ಬರೆಯಿರಿ. ಗೆಳತಿಯ ಚಪ್ಪಲಿ ಕಿತ್ತುಹೋದಾಗ ಪಿನ್ನು ಹುಡುಕಿ ತಂದ ಹುಡುಗಿಗೆ ನಮ್ಮ ದಾಖಲೆಯಲ್ಲಿ ಒಂದು ಸಾಲು ಸಿಗಬೇಡವೇ?

4. ಗೆಳೆತನದ ನಕ್ಷೆ ಬರೆಯಿರಿ

ಇದು ಜೇಕಬ್ ಮೊರೆನೊ ಎಂಬ ಮನೋವೈದ್ಯರು 1930ರ ದಶಕದಲ್ಲಿ ಅಮೆರಿಕದ ಶಾಲೆಗಳಲ್ಲಿ ಬಳಸಿದ ವಿಧಾನ. ಇವತ್ತಿಗೂ ಇದಕ್ಕೆ ಬೇಕಾಗುವುದು ಕಾಗದ, ಪೆನ್ಸಿಲ್ ಅಷ್ಟೇ.

ಶಾಲೆ ಶುರುವಾದ ಕೂಡಲೇ ಮಾಡಬೇಡಿ. ಜುಲೈ ಕೊನೆಯ ಹೊತ್ತಿಗೆ ಮಕ್ಕಳು ಒಬ್ಬರಿಗೊಬ್ಬರು ಒಗ್ಗಿರುತ್ತಾರೆ. ಪ್ರತಿ ಮಗುವಿಗೂ ಒಂದು ಚೀಟಿ ಕೊಟ್ಟು ಹೀಗೆ ಕೇಳಿ: ‘ನಾವೆಲ್ಲ ಪ್ರವಾಸಕ್ಕೆ ಹೋಗ್ತೀವಿ ಅಂದ್ಕೊಳ್ಳಿ. ಬಸ್ಸಲ್ಲಿ ನಿಮ್ಮ ಪಕ್ಕ ಯಾರು ಕೂತರೆ ಇಷ್ಟ? ಮೂರು ಹೆಸರು ಬರೀರಿ.’ ಬರೆಯಲು ಬಾರದ ಮಕ್ಕಳು ನಿಮ್ಮ ಕಿವಿಯಲ್ಲಿ ಹೇಳಲಿ. ಪಕ್ಕದವರ ಚೀಟಿ ಯಾರೂ ನೋಡಬಾರದು. ‘ಯಾರು ಬೇಡ’ ಎಂದು ಯಾವ ಕಾರಣಕ್ಕೂ ಕೇಳಬೇಡಿ. ಆ ಪ್ರಶ್ನೆ ಸಂಜೆಯೊಳಗೆ ಊರೆಲ್ಲ ಸುತ್ತಿ ಒಂದು ಮಗುವಿನ ಮನಸ್ಸು ಮುರಿಯುತ್ತದೆ.

ಮನೆಗೆ ಹೋಗಿ ಒಂದು ದೊಡ್ಡ ಹಾಳೆಯಲ್ಲಿ ಎಲ್ಲರ ಹೆಸರನ್ನೂ ಚಿಕ್ಕ ಸುತ್ತಿನೊಳಗೆ ಬರೆಯಿರಿ. ಯಾರು ಯಾರ ಹೆಸರು ಹೇಳಿದ್ದಾರೋ ಅವರ ಕಡೆಗೆ ಬಾಣ ಎಳೆಯಿರಿ. ಹತ್ತು ಬಾಣ ಬಂದು ಸೇರುವ ಒಂದಿಬ್ಬರು ಸಿಗುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಹೇಳಿಕೊಂಡ ಜೋಡಿಗಳು ಸಿಗುತ್ತವೆ. ಹೊರಗಿನವರ ಒಂದು ಬಾಣವೂ ಒಳಹೋಗದ ಗುಂಪು ಕಾಣುತ್ತದೆ. ಆ ಗುಂಪು ಒಂದೇ ಕೇರಿಯದೋ, ಒಂದೇ ವ್ಯಾನಿನಲ್ಲಿ ಬರುವವರದೋ ನೋಡಿ. ಕೊನೆಗೆ ಒಂದು ಬಾಣವೂ ಬರದ ಹೆಸರುಗಳು. ಅವರೂ ಯಾರಾದರೂ ಒಬ್ಬರನ್ನು ಆರಿಸಿದ್ದಾರಲ್ಲ, ಆ ಹೆಸರನ್ನು ಗುರುತು ಮಾಡಿಕೊಳ್ಳಿ. ಮುಂದಿನ ತಿಂಗಳು ಗುಂಪು ಚಟುವಟಿಕೆಯಲ್ಲಿ ಇಬ್ಬರನ್ನೂ ಒಂದೇ ಕಡೆ ಹಾಕಿ, ಇಬ್ಬರೂ ಸೇರಿದರೆ ಮಾತ್ರ ಮುಗಿಯುವಂಥ ಕೆಲಸ ಕೊಡಿ. ಗಿಡದ ಎತ್ತರ ಅಳೆಯುವುದು, ಗ್ರಂಥಾಲಯದ ಪುಸ್ತಕ ಜೋಡಿಸುವುದು, ಏನಾದರೂ ಸರಿ.

ದಸರಾ ರಜೆ ಮುಗಿದ ಮೇಲೆ ಇನ್ನೊಮ್ಮೆ ಮಾಡಿ. ಒಂದು ಚೀಟಿಯನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ, ಹಿಂದಿನ ದಿನ ಜಗಳವಾಗಿದ್ದರೆ ಹೆಸರು ಬದಲಾಗಿರುತ್ತದೆ. ಆ ಹಾಳೆ ಸ್ಟಾಫ್ ರೂಮಿನ ಮೇಜಿನ ಮೇಲೆ ಉಳಿಯಬಾರದು.

5. ಮಕ್ಕಳನ್ನೇ ಕೇಳಿ

ಶನಿವಾರ ಕೊನೆಯ ಹತ್ತು ನಿಮಿಷ ಇದಕ್ಕೆ ಇಡಿ. ‘ಈ ವಾರ ನಾನು ಯಾರಿಗೆ ಸಹಾಯ ಮಾಡಿದೆ, ಈ ವಾರ ನನಗೆ ಬೇಜಾರಾಗಿದ್ದು ಯಾವಾಗ’ ಎಂಬ ಎರಡು ಸಾಲು ಬರೆಯಲಿ. ಚಿಕ್ಕವರು ಚಿತ್ರ ಬರೆಯಲಿ. ‘ಆಟದ ಹೊತ್ತಿನ ಚಿತ್ರ ಬರಿ’ ಎಂದರೆ ತಮ್ಮನ್ನು ಎಲ್ಲಿ ನಿಲ್ಲಿಸಿಕೊಳ್ಳುತ್ತಾರೆ ನೋಡಿ. ಆದರೆ ಚಿತ್ರ ನೋಡಿ ನೀವೇ ಅರ್ಥ ಕಟ್ಟಬೇಡಿ. ‘ಇದು ಯಾರು ಪುಟ್ಟಾ? ಏನ್ ಮಾಡ್ತಿದಾರೆ?’ ಎಂದು ಕೇಳಿ. ಕಪ್ಪು ಬಣ್ಣ ಬಳಿದದ್ದು ದುಃಖಕ್ಕೇ ಇರಬೇಕಿಲ್ಲ, ಬೇರೆ ಬಳಪ ಮುಗಿದಿರಬಹುದು.

ಮಕ್ಕಳು ಬೇಜಾರು ಹೇಳಿಕೊಂಡಾಗ ಅವತ್ತೇ ಎಲ್ಲರೆದುರು ವಿಚಾರಣೆ ಶುರು ಮಾಡಬೇಡಿ. ಮಾಡಿದರೆ ಮುಂದಿನ ಶನಿವಾರದಿಂದ ಎಲ್ಲರೂ ‘ಏನೂ ಇಲ್ಲ ಮಿಸ್’ ಎಂದೇ ಬರೆಯುತ್ತಾರೆ.

6. ನಿಮ್ಮ ಕಣ್ಣನ್ನೂ ಪರೀಕ್ಷಿಸಿ

ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ 1920ರಲ್ಲಿ ಒಂದು ಸಂಗತಿ ತೋರಿಸಿದರು. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಒಂದು ಗುಣದಲ್ಲಿ ಒಳ್ಳೆಯ ಅಂಕ ಕೊಟ್ಟರೆ ಸಂಬಂಧವೇ ಇಲ್ಲದ ಬೇರೆ ಗುಣಗಳಲ್ಲೂ ಒಳ್ಳೆಯದನ್ನೇ ಕೊಡುತ್ತಿದ್ದರು. ನಮ್ಮ ತರಗತಿಯಲ್ಲೂ ಹೀಗೇ ಆಗುತ್ತದೆ. ದುಂಡಾಗಿ ಬರೆಯುವ, ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ಬರುವ ಮಗು ತಳ್ಳಿದರೆ ‘ಕೈ ತಾಗಿರಬೇಕು’ ಅನ್ನಿಸುತ್ತದೆ. ತಲೆ ಕೆದರಿಕೊಂಡು ಬರುವ ಮಗು ತಳ್ಳಿದರೆ ‘ಬೇಕಂತಲೇ’ ಅನ್ನಿಸುತ್ತದೆ.

ತಿಂಗಳಿಗೊಮ್ಮೆ ನೋಟ್‌ಬುಕ್ಕು ತಿರುವಿ ಹಾಕಿ. ಯಾರ ಪುಟ ಖಾಲಿ ಇದೆ? ಹೆಚ್ಚಾಗಿ ಮಾತಾಡದ ಹುಡುಗಿಯರದು. ಯಾರ ಪುಟದಲ್ಲಿ ಬರೀ ತಪ್ಪುಗಳೇ ಇವೆ? ಆ ಮಗುವನ್ನು ಬೇರೆ ಹೊತ್ತಲ್ಲಿ, ಬೇರೆ ಜಾಗದಲ್ಲಿ ನೋಡಿ. ದೈಹಿಕ ಶಿಕ್ಷಣದ ಮೇಷ್ಟ್ರನ್ನು ಕೇಳಿ. ಅಡುಗೆ ಮಾಡುವ ಅಕ್ಕಂದಿರನ್ನು ಕೇಳಿ. ಯಾರು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲು ನಾಚುತ್ತಾರೆ, ಯಾರು ಪಾತ್ರೆ ಎತ್ತಿಡಲು ಓಡಿ ಬರುತ್ತಾರೆ ಎನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

7. ಮನೆಯವರ ಜೊತೆ ಮಾತಾಡಿ

ಪೋಷಕರ ಸಭೆಯಲ್ಲಿ ನೂರು ಜನರ ಎದುರು ಒಂದು ಮಗುವಿನ ನಡತೆಯ ಮಾತು ಬೇಡವೇ ಬೇಡ. ಅವತ್ತು ರಾತ್ರಿ ಮನೆಯಲ್ಲಿ ಏಟು ತಿನ್ನುವುದು ಮಗು. ಬೇರೆ ಕರೆದು ಕೂರಿಸಿ. ಮೊದಲು ನೀವು ಕಣ್ಣಾರೆ ಕಂಡ ಒಂದು ಒಳ್ಳೆಯ ಸಂಗತಿ ಹೇಳಿ, ಆಮೇಲೆ ಕೇಳಿ:

‘ಬನ್ನಿ ಅಮ್ಮಾ, ಕೂತ್ಕೊಳ್ಳಿ. ನಿನ್ನೆ ನಿಮ್ಮ ಮಗಳು ಒಂದನೇ ಕ್ಲಾಸಿನ ಮಗೂನ ಕೈ ಹಿಡ್ಕೊಂಡು ರಸ್ತೆ ದಾಟಿಸಿದ್ಲು. ಖುಷಿಯಾಯ್ತು ನೋಡಿ. ಇನ್ನೊಂದು ವಿಷ್ಯ, ಎರಡು ವಾರದಿಂದ ಆಟಕ್ಕೆ ಹೋಗ್ತಿಲ್ಲ. ಕ್ಲಾಸಲ್ಲೇ ಕೂತಿರ್ತಾಳೆ. ಮನೇಲಿ ಹೇಗಿದಾಳೆ?’

‘ಮನೇಲೂ ಅಷ್ಟೇ ಮಿಸ್. ಅವರಜ್ಜಿ ಹೋದ್ಮೇಲಿಂದ ಮಾತೇ ಕಮ್ಮಿ ಆಗೋಗಿದೆ.’

ಕಾರಣ ಇಷ್ಟು ಸುಲಭವಾಗಿ ಸಿಗದೆಯೂ ಇರಬಹುದು. ಆದರೆ ‘ನಿಮ್ಮ ಮಗಳು ಯಾರ ಜೊತೆನೂ ಸೇರಲ್ಲ’ ಎಂದು ಶುರು ಮಾಡಿದರೆ ಆ ತಾಯಿ ತಲೆ ತಗ್ಗಿಸಿ ಎದ್ದು ಹೋಗುತ್ತಾರೆ.

8. ಒಂದನ್ನು ಬದಲಾಯಿಸಿ, ಮತ್ತೆ ನೋಡಿ

ಬರೆದಿದ್ದು ಕಪಾಟು ಸೇರಿದರೆ ಮಗುವಿಗೆ ಏನು ಸಿಕ್ಕಿತು? ಪ್ರತಿ ಸುತ್ತಿನ ಕೊನೆಗೆ ಇಬ್ಬರು ಮೂವರು ಮಕ್ಕಳಿಗಾಗಿ ಒಂದೊಂದು ಸಣ್ಣ ಬದಲಾವಣೆ ಮಾಡಿ. ಜಾಗ ಬದಲಿಸಿ. ಶಾಲಾ ಸಂಸತ್ತಿನಲ್ಲಿ ಒಂದು ಖಾತೆ ಕೊಡಿ. ಆಟಕ್ಕೆ ಸೇರಲು ‘ನಾನೂ ಬರ್ಲಾ?’ ಎಂದು ಕೇಳುವುದನ್ನು ಅಭ್ಯಾಸ ಮಾಡಿಸಿ. ಒಂದೇ ಬದಲಾವಣೆ ಇರಲಿ, ಐದಾರು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ. ಮೂರು ವಾರ ಬಿಟ್ಟು ಅದೇ ಹೊತ್ತು, ಅದೇ ಜಾಗದಲ್ಲಿ ಮತ್ತೆ ಗಮನಿಸಿ.

9. ನೋಟ್‌ಬುಕ್ಕು ಸಾಲದ ಸಂದರ್ಭಗಳು

ನಮ್ಮ ಬರವಣಿಗೆ ರೋಗ ಪತ್ತೆ ಮಾಡುವುದಕ್ಕೆ ಇರುವುದಲ್ಲ. ‘ಇವನಿಗೆ ಆಟಿಸಂ ಇರಬೇಕು’ ಎಂದು ಸ್ಟಾಫ್ ರೂಮಿನಲ್ಲಿ ಹೇಳುವ ಹಕ್ಕು ನಮಗಿಲ್ಲ. ಕರೆದರೆ ತಿರುಗದ ಮಗುವಿಗೆ ಮೊದಲು ಕಿವಿ ಪರೀಕ್ಷೆ, ಬೋರ್ಡು ನೋಡದ ಮಗುವಿಗೆ ಕಣ್ಣಿನ ಪರೀಕ್ಷೆ ಆಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ನಿಮ್ಮ ಟಿಪ್ಪಣಿ ತೋರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಎರಡೂ ಸೇರಿವೆ. ಅನುಮಾನ ಬಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೂಲಕ, ವಿಶೇಷ ಅಗತ್ಯವಿರುವ ಮಕ್ಕಳಿಗೆ ನೆರವಾಗುವ ಬಿಐಇಆರ್‌ಟಿ ಶಿಕ್ಷಕರನ್ನು ಕರೆಸಿ. ಮನಸ್ಸಿನ ಆರೋಗ್ಯದ ಸಲಹೆಗೆ ಟೆಲಿ-ಮಾನಸ್ 14416 ಇದೆ, ನಿಮಗೇ ದಾರಿ ಕಾಣದಿದ್ದರೂ ಕರೆ ಮಾಡಬಹುದು.

ಇದ್ದಕ್ಕಿದ್ದಂತೆ ಬದಲಾದ ಮಗುವನ್ನು ಎರಡು ವಾರದ ಸುತ್ತಿಗೆ ಕಾಯಿಸಬೇಡಿ. ನಗುತ್ತಿದ್ದ ಮಗು ಮಂಕಾಗಿದೆ, ಮನೆಗೆ ಹೋಗಲು ಹೆದರುತ್ತಿದೆ, ಯಾರೋ ಒಬ್ಬರನ್ನು ಕಂಡರೆ ಮುದುಡುತ್ತಿದೆ, ಮೈಮೇಲೆ ಗಾಯವಿದೆ. ಮುಖ್ಯ ಶಿಕ್ಷಕರಿಗೆ ಅವತ್ತೇ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಶಿಕ್ಷೆ ಇದೆ. ಊರಿನವರು ಕೂತು ಬಗೆಹರಿಸುವ ವಿಷಯ ಅದಲ್ಲ. ಅಂಥ ವಿವರ ಈ ನೋಟ್‌ಬುಕ್ಕಿನಲ್ಲಿ ಇರಬಾರದು. ಮಗುವನ್ನು ನೀವೇ ಮತ್ತೆ ಮತ್ತೆ ಕೆದಕಿ ಕೇಳಲೂಬಾರದು.

10. ಮಾರ್ಚಿನಲ್ಲಿ

ಈಗ ಸಿಸಿಇ ದಾಖಲೆ ತೆಗೆದುಕೊಳ್ಳಿ. ಶ್ರೇಣಿ ಹಾಕುವ ಮುಂಚೆ ಆ ಮಗುವಿನ ಎರಡು ಪುಟ ಓದಿ. ಜುಲೈಯಲ್ಲಿ ಹೇಗಿತ್ತು, ಫೆಬ್ರುವರಿಯಲ್ಲಿ ಹೇಗಿದೆ ಎನ್ನುವುದರ ಮೇಲೆ ಬರೆಯಿರಿ, ಪಕ್ಕದ ಮಗುವಿಗೆ ಹೋಲಿಸಬೇಡಿ. ಮುಂದಿನ ತರಗತಿಯ ಶಿಕ್ಷಕರಿಗೆ ಪ್ರತಿ ಮಗುವಿನ ಬಗ್ಗೆ ಮೂರು ಸಾಲು ಕೊಡಿ: ಯಾವಾಗ ಅರಳುತ್ತದೆ, ಯಾವಾಗ ಮುದುಡುತ್ತದೆ, ನೀವು ಮಾಡಿದ್ದರಲ್ಲಿ ಏನು ಕೆಲಸಕ್ಕೆ ಬಂತು. ವರ್ಷದ ಜಗಳಗಳ ಪಟ್ಟಿ ಅವರಿಗೆ ಬೇಕಿಲ್ಲ. ಉಳಿದ ಪುಟಗಳನ್ನೂ ಗೆಳೆತನದ ನಕ್ಷೆಯನ್ನೂ ಹರಿದುಹಾಕಿ.